ಮಧುಗಿರಿಯ ಮಧು, ಇಂಗ್ಲಿಷಿನ ಮೀಡ್

ಇಂಗ್ಲಿಷಿನಲ್ಲಿ ಮೀಡ್ ಎಂಬ ಪುಟ್ಟ ಪದವೊಂದಿದೆ. ಜೇನುತುಪ್ಪವನ್ನು ನೀರಿನಲ್ಲಿ ಕದಡಿ, ಹುಳಿಯಲು ಬಿಟ್ಟು ಮಾಡುವ ಮದ್ಯಕ್ಕೆ ಆ ಹೆಸರು. ದ್ರಾಕ್ಷಿ ಬೆಳೆಯದ ಉತ್ತರ ಯುರೋಪಿನ ಚಳಿ ನಾಡುಗಳಲ್ಲಿ ಅರಸರ ಸಭೆಯಿಂದ ಹಳ್ಳಿಯ ಹಬ್ಬದವರೆಗೆ ಹರಿದ ಪಾನೀಯ ಅದು. ಈಗ ಅದನ್ನು ಕುಡಿಯುವವರು ಅಲ್ಲಿಯೂ ಕಡಿಮೆ. ಪದ ಮಾತ್ರ ನಿಘಂಟಿನಲ್ಲಿ ಗಟ್ಟಿಯಾಗಿ ಕೂತಿದೆ. ಆ ಪದ ಮತ್ತು ನಮ್ಮ ತುಮಕೂರು ಜಿಲ್ಲೆಯ ಮಧುಗಿರಿಯ ಹೆಸರಿನಲ್ಲಿರುವ 'ಮಧು' ಒಂದೇ ಮೂಲದವು. ಇಂಗ್ಲಿಷಿನವರು ಸಂಸ್ಕೃತದಿಂದ ಅದನ್ನು ಎರವಲು ಪಡೆಯಲಿಲ್ಲ, ಸಂಸ್ಕೃತವೂ ಯುರೋಪಿನಿಂದ ತರಲಿಲ್ಲ. ಎರಡೂ ಬರಹ ಕಾಣದ ಒಂದು ಪೂರ್ವಿಕ ಭಾಷೆಯಿಂದ ಬೇರೆ ಬೇರೆ ದಾರಿ ಹಿಡಿದು ಇಳಿದು ಬಂದವು. ಕೇಳಲು ಇದು ಸೊಗಸಾದ ಕತೆಯಂತಿದೆ. ಅದಕ್ಕೇ ಇದನ್ನು ಸುಮ್ಮನೆ ಒಪ್ಪಿಕೊಳ್ಳಬಾರದು. ಪದಗಳ ಹುಟ್ಟಿನ ಹೆಸರಿನಲ್ಲಿ ನಮ್ಮಲ್ಲಿ ಓಡಾಡುವ ಕತೆಗಳಲ್ಲಿ ಬಹುಪಾಲು ಬರಿಯ ಸದ್ದಿನ ಹೋಲಿಕೆಯ ಮೇಲೆ ನಿಂತವು. ಈ ನಂಟು ಹಾಗೆ ನಿಂತದ್ದಲ್ಲ. ಅದನ್ನು ಸಾಧಿಸಲು ಬೇಕಾದ ಬಗೆಯ ಸಾಕ್ಷ್ಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಊರಹೆಸರು ಮತ್ತು ಆಡುಮಾತಿನಲ್ಲೇ ಸಿಗುತ್ತದೆ.

ಮೊದಲು ಸದ್ದಿನ ಹೋಲಿಕೆ ಏಕೆ ಸಾಲದು ಎಂಬುದನ್ನು ನೋಡೋಣ. ಕನ್ನಡದ 'ಮನೆ'ಗೂ ಇಂಗ್ಲಿಷಿನ 'ಮ್ಯಾನ್ಷನ್'ಗೂ ಸದ್ದು ಹತ್ತಿರ, ಅರ್ಥವೂ ಹತ್ತಿರ. ಆದರೆ ಮನೆ ದ್ರಾವಿಡ ಪದ, ತಮಿಳಿನ 'ಮನೈ' ಅದರ ಒಡಹುಟ್ಟು; ಮ್ಯಾನ್ಷನ್ ಬಂದದ್ದು 'ಉಳಿದುಕೊಳ್ಳು' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ಇಂದಿನ ಗ್ರೀಕರು ನೀರಿಗೆ 'ನೆರೊ' ಎನ್ನುತ್ತಾರೆ. ಕನ್ನಡಿಗನಿಗೆ ಮೈ ಜುಮ್ಮೆನ್ನಿಸುವ ಹೋಲಿಕೆ ಇದು. ಆದರೆ ಹಳೆಯ ಗ್ರೀಕಿನಲ್ಲಿ ನೀರಿಗೆ ಇದ್ದ ಪದ ಬೇರೆಯೇ. 'ತಾಜಾ ನೀರು' ಎಂಬ ನುಡಿಗಟ್ಟಿನಲ್ಲಿ 'ತಾಜಾ' ಎಂಬರ್ಥದ ಮೊದಲ ಪದ ಮಾತ್ರ ಉಳಿದು, ಸವೆದು, ನೆರೊ ಆಯಿತು. ಶಿರಾ ಪಟ್ಟಣದ ಹೆಸರನ್ನು ಕೇಳಿದವರು ರವೆಯ ಸಿಹಿಯನ್ನೂ, ಸಿಹಿಪಾಕಕ್ಕೆ ಪರ್ಷಿಯನ್ ಭಾಷೆಯಲ್ಲಿರುವ 'ಶೀರಾ' ಎಂಬ ಪದವನ್ನೂ ನೆನೆಯಬಹುದು. ಮೊಘಲರ ಕಾಲದಲ್ಲಿ ಆ ಊರಿನ ಕಚೇರಿಗಳಲ್ಲಿ ಪರ್ಷಿಯನ್ ಬಳಕೆಯಲ್ಲಿತ್ತು ಎನ್ನುವುದು ಇಂಥ ಊಹೆಗೆ ಇನ್ನಷ್ಟು ನೀರೆರೆಯುತ್ತದೆ. ಆದರೆ ಆ ಆಡಳಿತ ಬರುವ ಮೊದಲೇ ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕನ ಕಾಲದಲ್ಲೇ ಊರು ಇತ್ತು. ಎರಡು ಭಾಷೆಗಳಲ್ಲಿ ಸಾವಿರಾರು ಪದಗಳಿರುವಾಗ ಹತ್ತಾರು ಜೋಡಿಗಳು ಆಕಸ್ಮಿಕವಾಗಿ ಹೋಲುವುದು ಸಹಜ. ಹೀಗಾಗಿ ಒಂದು ಜೋಡಿ ಪದ ಎಷ್ಟೇ ಹೋಲಲಿ, ಅದೊಂದರಿಂದಲೇ ನಂಟು ಸಾಧಿತವಾಗುವುದಿಲ್ಲ.

ಹಾಗಾದರೆ ಸಾಧಿತವಾಗುವುದು ಯಾವುದರಿಂದ? ನಿಯಮದಿಂದ. ಇದನ್ನು ತಿಳಿಯಲು ಪಾವಗಡಕ್ಕೆ ಹೋಗಬೇಕು. ಮೂರು ದಿಕ್ಕಿಗೂ ಆಂಧ್ರವೇ ಇರುವ, ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ತಾಲ್ಲೂಕು ಅದು. ಅಲ್ಲಿನ ಬೆಟ್ಟಕ್ಕೆ ಹಾವಿನ ನಂಟು ಹೇಳುವ ಐತಿಹ್ಯ ಹಳೆಯದು. ತೆಲುಗಿನಲ್ಲಿ 'ಪಾಮುಕೊಂಡ', ಅಂದರೆ ಹಾವಿನ ಬೆಟ್ಟ, ಎಂದು ಅದನ್ನು ವಿವರಿಸುತ್ತಾರೆ. ಹಳೆಯ ದಾಖಲೆಗಳು ಊರನ್ನು 'ಪಾವುಗಡ' ಎಂದು ಬರೆಯುತ್ತವೆ. ಹಳಗನ್ನಡದಲ್ಲಿ ಹಾವಿಗೆ 'ಪಾವು' ಎಂದೇ ಹೆಸರು. ಪಾವು ಹಾವಾಯಿತು ಎನ್ನುವುದು ಒಂಟಿ ಘಟನೆಯಲ್ಲ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು, ಪೂ ಹೂವಾಯಿತು, ಪೆಸರ್ ಹೆಸರಾಯಿತು. ಸುಮಾರು ಹತ್ತನೆಯ ಶತಮಾನದ ಶಾಸನಗಳಿಂದ ಕಾಣತೊಡಗುವ ಈ ಬದಲಾವಣೆ ಮುಂದಿನ ಕೆಲವು ಶತಮಾನಗಳಲ್ಲಿ ಕನ್ನಡವನ್ನೆಲ್ಲ ವ್ಯಾಪಿಸಿತು. ತೆಲುಗು ಈ ದಾರಿ ಹಿಡಿಯಲಿಲ್ಲ. ಅದರಲ್ಲಿ ಇಂದಿಗೂ ಪಾಲು, ಪುಲಿ, ಪೂವು, ಪಾಮು. ಪಾವಗಡದ ಒಂದೇ ಬೀದಿಯಲ್ಲಿ ಒಂದು ಮನೆ 'ಹಾಲು' ಎನ್ನುವಾಗ ಪಕ್ಕದ ಮನೆ 'ಪಾಲು' ಎಂದರೆ, ಸಾವಿರ ವರ್ಷಗಳ ಹಿಂದಿನ ಮತ್ತು ಇಂದಿನ ಕನ್ನಡದ ಸದ್ದುಗಳನ್ನು ಅಕ್ಕಪಕ್ಕದಲ್ಲಿ ಕೇಳಿದಂತೆಯೇ. ಊರಹೆಸರು ಮಾತ್ರ ಬದಲಾಗದೆ ಹಳೆಯ ಪಕಾರವನ್ನು ಹಿಡಿದುಕೊಂಡಿತು. ಗಮನಿಸಬೇಕಾದದ್ದು, ಈ ನಿಯಮಕ್ಕೆ ಷರತ್ತುಗಳೂ ಇವೆ. ಉಪ್ಪು, ತಪ್ಪು, ಅಪ್ಪ ಎಂಬಲ್ಲಿ ಒತ್ತಕ್ಷರದ ಪಕಾರ ಹಾಗೇ ಉಳಿಯಿತು. ಸಂಸ್ಕೃತದಿಂದ ಬಂದ ಪಾದ, ಪತ್ರ, ಪುಸ್ತಕಗಳು ಸಾಮಾನ್ಯವಾಗಿ ಹಕಾರಕ್ಕೆ ತಿರುಗಲಿಲ್ಲ. ಮನೆಯ ಪದ ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂದು ಗುರುತಿಸಲು ಇದೇ ಒಂದು ಒಳ್ಳೆಯ ಅಳತೆಗೋಲು.

ಇಂಗ್ಲಿಷು ಸೇರಿರುವ ಜರ್ಮಾನಿಕ್ ಭಾಷೆಗಳಲ್ಲೂ ಇದೇ ಬಗೆಯ ಪಲ್ಲಟ ನಡೆಯಿತು, ಇನ್ನೂ ವ್ಯಾಪಕವಾಗಿ. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ ಗಮನಿಸಿದ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಕ್ರಮವಾಗಿ ನಿರೂಪಿಸಿದ ನಿಯಮ ಅದು. ಸಂಸ್ಕೃತದ ಪಕಾರಕ್ಕೆ ಎದುರಾಗಿ ಇಂಗ್ಲಿಷಿನಲ್ಲಿ ಫಕಾರ: ಪಿತೃ ಅಲ್ಲಿ ಫಾದರ್, ಪಾದ ಅಲ್ಲಿ ಫುಟ್. ಸಂಸ್ಕೃತದ ತಕಾರಕ್ಕೆ ಎದುರಾಗಿ ಥಕಾರ: ತ್ರಿ ಅಲ್ಲಿ ಥ್ರೀ. ಆದರೆ ಸಕಾರದ ಬೆನ್ನಿಗೆ ಬಂದಾಗ ಬದಲಾವಣೆಯಿಲ್ಲ, ಸ್ಥಾನದ ಧಾತುವಿಗೆ ಎದುರು ಸ್ಟ್ಯಾಂಡ್. ನಮ್ಮ ಉಪ್ಪು ತಪ್ಪುಗಳ ಷರತ್ತಿನಂಥದೇ ಷರತ್ತು. ನಮ್ಮ ಚರ್ಚೆಗೆ ಬೇಕಾದ ಭಾಗ ದಕಾರ ಮತ್ತು ಧಕಾರಗಳದ್ದು. ಸಂಸ್ಕೃತದ ಅಲ್ಪಪ್ರಾಣ ದಕಾರ ಇಂಗ್ಲಿಷಿನಲ್ಲಿ ಟಕಾರವಾಗಿ ಕಾಣುತ್ತದೆ: ದ್ವಿ ಟೂ, ದಶ ಟೆನ್, ದಂತ ಟೂತ್, ತಿನ್ನುವ ಅರ್ಥದ ಅದ್ ಧಾತು ಈಟ್. ಮಹಾಪ್ರಾಣ ಧಕಾರ ಮಾತ್ರ ಡಕಾರವಾಗಿ ಕಾಣುತ್ತದೆ: ವಿಧವಾ ವಿಡೋ, ರುಧಿರ ರೆಡ್, ಮಧ್ಯ ಮಿಡ್. ಹಾಗಿದ್ದ ಮೇಲೆ ಮಧು ಇಂಗ್ಲಿಷಿನಲ್ಲಿ ಹೇಗಿರಬೇಕು? ಕೊನೆಯಲ್ಲಿ ಡಕಾರ ಇರಬೇಕು, ಟಕಾರ ಇರಬಾರದು. ಮೀಡ್ ಹಾಗೆಯೇ ಇದೆ. ಗ್ರೀಕಿನಲ್ಲಿ ಇದೇ ಧಕಾರ ಥಕಾರವಾಗಬೇಕು; ರುಧಿರಕ್ಕೆ ಅಲ್ಲಿ ಕೆಂಪು ಎಂಬರ್ಥದ 'ಎರುಥ್ರೋಸ್' ಇದೆ, ಮಧುವಿಗೆ 'ಮೆಥು' ಇದೆ, ಅರ್ಥ ದ್ರಾಕ್ಷಾಮದ್ಯ. ಇಂಗ್ಲಿಷಿನ ಡಕಾರ ಜರ್ಮನಿನಲ್ಲಿ ಮತ್ತೊಂದು ಹೆಜ್ಜೆ ಇಟ್ಟು ಟಕಾರವಾಗುತ್ತದೆ, ದಿನವೆಂಬರ್ಥದ ಡೇ ಅಲ್ಲಿ ಟಾಗ್. ಜೇನಿನ ಮದ್ಯ ಅಲ್ಲಿ 'ಮೆಟ್'. ಒಂದು ಪದ ಹೋಲುವುದು ಆಕಸ್ಮಿಕ ಇರಬಹುದು. ಹತ್ತು ಪದಗಳು ಒಂದೇ ನಿಯಮಕ್ಕೆ ಮಣಿದು ಹತ್ತು ಭಾಷೆಗಳಲ್ಲಿ ತಮ್ಮ ತಮ್ಮ ಜಾಗದಲ್ಲೇ ನಿಲ್ಲುವುದು ಆಕಸ್ಮಿಕವಾಗಲಾರದು.

ಇಲ್ಲಿ ಮಹಾಪ್ರಾಣದ ಬೆಲೆಯನ್ನು ಒಂದು ಮಾತಿನಲ್ಲಿ ಹೇಳಬೇಕು. ಮದ್ಯದಂಗಡಿಯ ಫಲಕದಲ್ಲೂ ಕೆಲವೊಮ್ಮೆ ಪತ್ರಿಕೆಯಲ್ಲೂ 'ಮಧ್ಯದಂಗಡಿ' ಎಂದು ತಪ್ಪಾಗಿ ಬರೆದದ್ದನ್ನು ನೋಡುತ್ತೇವೆ. ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಇಲ್ಲದ್ದರಿಂದ ಈ ತಪ್ಪು ಸುಲಭ. ಆದರೆ ಪದಗಳ ವಂಶ ಹುಡುಕುವವನಿಗೆ ಆ ಹೊಟ್ಟೆ ಸೀಳಿದ ಗೆರೆಯೇ ಕುರುಹು. ಮದ್ಯ, ಮದ ಎರಡೂ ಮತ್ತೇರುವ ಅರ್ಥದ 'ಮದ್' ಧಾತುವಿನವು, ಅಲ್ಪಪ್ರಾಣದವು. ಮಧು ಬೇರೆ ಬೇರಿನದು. ಮತ್ತು ಏರಿಸುವುದರಿಂದ ಎರಡೂ ಒಂದೇ ಎಂದು ಕಟ್ಟುವ ವಾದ ಈ ಒಂದು ಅಕ್ಷರದ ಮುಂದೆ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲೂ ಇಂಥ ಬಲೆ ಇದೆ: ಹುಲ್ಲುಗಾವಲು ಎಂಬರ್ಥದ ಇನ್ನೊಂದು ಮೀಡ್ ಅಲ್ಲಿದೆ. ಅದು ಹುಲ್ಲು ಕೊಯ್ಯುವ ಕ್ರಿಯೆಯಿಂದ ಹುಟ್ಟಿದ ಬೇರೆಯೇ ಪದ, ಜೇನಿಗೂ ಅದಕ್ಕೂ ನಂಟಿಲ್ಲ.

ಶಿರಾಕ್ಕೆ ಮರಳೋಣ. ಸದ್ದಿನ ಮೋಸಕ್ಕೆ ಉದಾಹರಣೆಯಾದ ಆ ಊರೇ ನಿಜವಾದ ನಂಟಿಗೂ ಉದಾಹರಣೆ ಕೊಡುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕೈಗೆ ಬಂದ ಶಿರಾ, 1687ರಲ್ಲಿ ಮೊಘಲರ ಸುಬಾ ಒಂದರ ರಾಜಧಾನಿಯಾಯಿತು. ಮಲಿಕ್ ರಿಹಾನನ ಗೋರಿ, ಜುಮ್ಮಾ ಮಸೀದಿಗಳು ಆ ದಿನಗಳ ಕುರುಹಾಗಿ ಈಗಲೂ ಇವೆ. ಅಲ್ಲಿನ ದಫ್ತರಗಳ ಮತ್ತು ಕವಿತೆಯ ಭಾಷೆಯಾಗಿದ್ದ ಪರ್ಷಿಯನ್‌ನಲ್ಲಿ ದ್ರಾಕ್ಷಾಮದ್ಯಕ್ಕೆ 'ಮೈ' ಎನ್ನುತ್ತಾರೆ. ಉರ್ದು ಗಜಲುಗಳನ್ನು ಕೇಳಿದವರಿಗೆ ಮೈಖಾನಾ ಎಂಬ ಪದ ಗೊತ್ತು. ಈ ಮೈ ಕೂಡ ಮಧುವಿನ ದಾಯಾದಿ. ಧಕಾರ ಎಲ್ಲಿ ಹೋಯಿತು ಎಂದು ಕೇಳಬಹುದು. ಹಳೆಯ ಇರಾನಿ ಭಾಷೆಯಲ್ಲಿ ಮಹಾಪ್ರಾಣ ಕಳೆದು ದಕಾರವಾಯಿತು, ಎರಡು ಸ್ವರಗಳ ನಡುವೆ ಸಿಕ್ಕ ದಕಾರ ಮುಂದೆ ಸವೆದು ಯಕಾರವಾಯಿತು. ಇದಕ್ಕೆ ಸಾಕ್ಷಿ ಬೇಕಾದರೆ ಶಿರಾದ ಸಂತೆಯಲ್ಲೇ ಸಿಗುತ್ತದೆ. ಸಂಸ್ಕೃತದ ಪಾದಕ್ಕೆ ಎದುರಾದ ಪದ ಪರ್ಷಿಯನ್‌ನಲ್ಲಿ 'ಪಾಯ್' ಆಗಿದೆ; ಕಾಲಿಗೆ ತೊಡುವ ಉಡುಪು ಪಾಯಿಜಾಮ, ಕಾಲಿಟ್ಟು ಕೂರುವ ಜಾಗ ಪಾಯಖಾನೆ. ಪಾದ ಪಾಯ್ ಆದ ದಾರಿಯಲ್ಲೇ ಮಧು ಮೈ ಆಯಿತು. ಹಾಗೆ ನೋಡಿದರೆ ಹದಿನೆಂಟನೆಯ ಶತಮಾನದ ಶಿರಾ ಸೀಮೆಯಲ್ಲಿ ಒಂದೇ ಬೇರಿನ ಎರಡು ಪದಗಳು, ಪುರೋಹಿತರ ಮಧುಪರ್ಕದ ಮಧು ಮತ್ತು ಸುಬೇದಾರರ ಭಾಷೆಯ ಮೈ, ಒಂದನ್ನೊಂದು ಗುರುತಿಸದೆ ಬಾಳಿದವು. ಹಿಂದೆಯೇ ಬಂದ ಕಂಪನಿಯ ಅಧಿಕಾರಿಗಳ ಭಾಷೆಯಲ್ಲಿ ಮೂರನೆಯದಾದ ಮೀಡ್ ಇತ್ತು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವುದು: ಸಂಸ್ಕೃತವೇ ಎಲ್ಲಕ್ಕೂ ತಾಯಿ, ಇಂಗ್ಲಿಷಿನ ಮೀಡ್ ಸಂಸ್ಕೃತದ ಮಧುವೇ, ಇಷ್ಟು ಸುತ್ತಿ ಬಳಸುವುದೇಕೆ? ಎರವಲು ಎಂಬ ಮಾತನ್ನು ಕಾಲವೇ ಅಳಿಸಿಹಾಕುತ್ತದೆ. ಹಳೆಯ ಇಂಗ್ಲಿಷಿನ ಬೇಯೊವುಲ್ಫ್ ಕಾವ್ಯದ ಹಸ್ತಪ್ರತಿ ಸುಮಾರು ಸಾವಿರದನೆಯ ಇಸವಿಯದು. ಅದರಲ್ಲಿ ಅರಸನ ಮೀಡ್ ಸಭಾಂಗಣ ಮತ್ತೆ ಮತ್ತೆ ಬರುತ್ತದೆ, ಪದದ ರೂಪ 'ಮೆದು'. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಸಂಸ್ಕೃತ ಗೊತ್ತಿದ್ದ ಒಬ್ಬ ಇಂಗ್ಲಿಷಿನವನೂ ಇಲ್ಲದ ಕಾಲದಲ್ಲಿ ಆ ಪದ ಅಲ್ಲಿ ನೆಲೆಯಾಗಿತ್ತು. ಮುಂದೆ ನಿಜವಾಗಿ ಎರವಲು ಹೋದ ಯೋಗ, ಕರ್ಮ, ಅವತಾರಗಳು ಇಂಗ್ಲಿಷಿನಲ್ಲಿ ಹೆಚ್ಚು ಕಡಿಮೆ ಹಾಗೇ ಇವೆ. ಎರವಲಲ್ಲದಿದ್ದರೂ ಸಂತಾನವಾಗಿರಬಹುದಲ್ಲ, ಸಂಸ್ಕೃತದಿಂದಲೇ ಇಳಿದು ಹೋಗಿರಬಹುದಲ್ಲ ಎಂದರೆ, ಅದಕ್ಕೆ ಉತ್ತರ ಸ್ವರದಲ್ಲಿದೆ. ಗ್ರೀಕಿನಲ್ಲಿ ಮೆಥು, ಹಳೆಯ ಇಂಗ್ಲಿಷಿನಲ್ಲಿ ಮೆದು, ಲಿಥುವೇನಿಯನ್‌ನಲ್ಲಿ ಮೆದುಸ್, ವೆಲ್ಷ್‌ನಲ್ಲಿ ಮೆಥ್ ಎಂಬಂಥ ಮೃದುವಾದ ಸದ್ದು. ಇಲ್ಲೆಲ್ಲ ಎಕಾರ, ಸಂಸ್ಕೃತದಲ್ಲಿ ಅಕಾರ. ಯಾವುದು ಹಳೆಯದು?

ಇದನ್ನು ತೀರ್ಮಾನಿಸಿದ ಸಾಕ್ಷ್ಯ 1870ರ ದಶಕದಲ್ಲಿ ಭಾಷಾವಿಜ್ಞಾನಿಗಳ ಕಣ್ಣಿಗೆ ಬಿತ್ತು, ಅದನ್ನು ತಾಲವ್ಯ ನಿಯಮ ಎನ್ನುತ್ತಾರೆ. ಕನ್ನಡಿಗನಿಗೆ ಅದನ್ನು ಕೊರಟಗೆರೆಯಿಂದಲೇ ವಿವರಿಸಬಹುದು. ಕೊರಟಗೆರೆಯ ಕೊನೆಯ 'ಗೆರೆ' ನಮ್ಮ ಕೆರೆಯೇ, ಸಂಧಿಯಲ್ಲಿ ಕಕಾರ ಗಕಾರವಾಗಿದೆ, ದಾವಣಗೆರೆಯಲ್ಲಿ ಆದಂತೆ. ಅಲ್ಲಿಂದ ಉತ್ತರಕ್ಕೆ ಪಾವಗಡದ ತೆಲುಗು ಮನೆಗಳಲ್ಲಿ ಕೆರೆಗೆ 'ಚೆರುವು' ಎನ್ನುತ್ತಾರೆ. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ, ಕೆಡು ಎಂಬುದು ಚೆಡು, ಕೈ ಎಂಬುದು ಚೇಯಿ. ಆದರೆ ಕಾಲು ತೆಲುಗಿನಲ್ಲೂ ಕಾಲೇ, ಕಣ್ಣು ಕನ್ನೇ. ಅವು ಚಾಲು, ಚನ್ನು ಆಗಲಿಲ್ಲ. ಯಾಕೆಂದರೆ ಇಕಾರ ಎಕಾರಗಳನ್ನು ಉಚ್ಚರಿಸುವಾಗ ನಾಲಗೆ ಮುಂದಕ್ಕೆ ಬರುತ್ತದೆ, ಹಿಂದಿನ ಕಕಾರವನ್ನೂ ತನ್ನ ಕಡೆಗೆ ಎಳೆದುಕೊಂಡು ಚಕಾರ ಮಾಡುತ್ತದೆ. ಅಕಾರ ಆಕಾರಗಳಿಗೆ ಆ ಎಳೆತವಿಲ್ಲ. ಈಗ ಸಂಸ್ಕೃತವನ್ನು ನೋಡಿ. 'ಮತ್ತು' ಎಂಬರ್ಥದ ಪದ ಸಂಸ್ಕೃತದಲ್ಲಿ 'ಚ', ಗ್ರೀಕಿನಲ್ಲಿ 'ತೆ', ಲ್ಯಾಟಿನ್‌ನಲ್ಲಿ 'ಕ್ವೆ'. ಸಂಸ್ಕೃತದ ಪಂಚಕ್ಕೆ ಲ್ಯಾಟಿನ್‌ನಲ್ಲಿ 'ಕ್ವಿಂಕ್ವೆ', ಗ್ರೀಕಿನಲ್ಲಿ 'ಪೆಂತೆ'. ಉಳಿದ ಭಾಷೆಗಳಲ್ಲಿ ಎಕಾರ ಇರುವಲ್ಲೆಲ್ಲ ಸಂಸ್ಕೃತದಲ್ಲಿ ಚಕಾರ ಬಂದಿದೆ, ಅವುಗಳಲ್ಲಿ ಅಕಾರ ಒಕಾರ ಇರುವಲ್ಲಿ ಕಕಾರ ಉಳಿದಿದೆ. ಅಂದರೆ ಸಂಸ್ಕೃತದ ಪೂರ್ವರೂಪದಲ್ಲೂ ಒಮ್ಮೆ ಎಕಾರ ಇತ್ತು; ಅದು ಕಕಾರವನ್ನು ಚಕಾರ ಮಾಡಿ, ಆಮೇಲೆ ತಾನೇ ಅಕಾರದಲ್ಲಿ ಕರಗಿಹೋಯಿತು. ಕೆರೆ ಚೆರುವಾಗಲು ಏನು ಕಾರಣವೋ ಪಂಚದ ಚಕಾರಕ್ಕೂ ಅದೇ ಕಾರಣ. ಈ ಸ್ವರದ ವಿಷಯದಲ್ಲಿ ಹಳತನವನ್ನು ಉಳಿಸಿಕೊಂಡದ್ದು ಗ್ರೀಕು, ಧಕಾರದ ವಿಷಯದಲ್ಲಿ ಸಂಸ್ಕೃತ. ಯಾವ ಒಂದು ಭಾಷೆಯೂ ಎಲ್ಲವನ್ನೂ ಉಳಿಸಿಕೊಂಡಿಲ್ಲ, ಹಾಗಾಗಿ ಅವುಗಳಲ್ಲಿ ಯಾವುದೂ ಉಳಿದವುಗಳ ತಾಯಿಯಲ್ಲ. 1786ರ ಫೆಬ್ರುವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಭಾಷಣದಲ್ಲೇ ಇದರ ಸುಳಿವಿತ್ತು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಬಹುಶಃ ಈಗ ಇಲ್ಲದಿರುವ ಒಂದು ಸಮಾನ ಮೂಲದಿಂದ ಬಂದವು ಎಂದೇ ಅವನು ಹೇಳಿದ್ದ.

ಎರಡನೆಯ ಆಕ್ಷೇಪ ಇದರ ಬೆನ್ನಿಗೇ ಹುಟ್ಟುತ್ತದೆ. ಯಾರೂ ಕೇಳದ, ಯಾರೂ ಬರೆಯದ ಭಾಷೆಯೊಂದನ್ನು ವಿದ್ವಾಂಸರು ಕಲ್ಪಿಸಿಕೊಂಡು, ಅದರಲ್ಲಿ 'ಮೆಧು' ಎಂಬ ಪದವಿತ್ತು ಎನ್ನುವುದನ್ನು ನಾವೇಕೆ ನಂಬಬೇಕು? ಪ್ರಶ್ನೆ ನ್ಯಾಯವಾದದ್ದು. ವಿದ್ವಾಂಸರೂ ಆ ರೂಪದ ಮುಂದೆ ನಕ್ಷತ್ರದ ಗುರುತೊಂದನ್ನು ಹಾಕುತ್ತಾರೆ, ಇದು ಬರಹದಲ್ಲಿ ಸಿಕ್ಕಿದ್ದಲ್ಲ, ತರ್ಕದಿಂದ ಕಟ್ಟಿದ್ದು ಎಂದು ತಿಳಿಸಲು. ಇಂಥ ಕಟ್ಟುವಿಕೆಯ ಯೋಗ್ಯತೆ ಗೊತ್ತಾಗುವುದು ಆಮೇಲೆ ಸಿಕ್ಕ ಹೊಸ ಸಾಕ್ಷ್ಯ ಅದಕ್ಕೆ ಹೊಂದುತ್ತದೆಯೇ ಎಂಬುದರಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚೀನಾದ ಪಶ್ಚಿಮದ ತಾರಿಮ್ ಕೊಳ್ಳದ ಮರಳಿನಲ್ಲಿ ಹಳೆಯ ಬೌದ್ಧ ಹಸ್ತಪ್ರತಿಗಳು ಸಿಕ್ಕವು. ಲಿಪಿ ಬ್ರಾಹ್ಮಿಯ ಕುಲದ್ದು, ಭಾಷೆ ಯಾರಿಗೂ ಗೊತ್ತಿಲ್ಲದ್ದು. 1908ರಲ್ಲಿ ಜರ್ಮನಿಯ ಸೀಗ್ ಮತ್ತು ಸೀಗ್ಲಿಂಗ್ ಅದು ಇಂಡೋ-ಯುರೋಪಿಯನ್ ಕುಟುಂಬದ್ದೆಂದು ತೋರಿಸಿದರು. ಅದಕ್ಕೆ ತೊಖಾರಿಯನ್ ಎಂದು ಹೆಸರಾಯಿತು. ಅದರಲ್ಲಿ ಜೇನಿಗೆ 'ಮಿತ್' ಎಂಬ ಪದವಿತ್ತು. ಆ ಭಾಷೆಯ ನಿಯಮಗಳ ಪ್ರಕಾರ ಮೆಧು ಹಾಗೆಯೇ ಆಗಬೇಕಿತ್ತು. ಚೀನೀ ಭಾಷೆಯಲ್ಲಿ ಜೇನಿಗಿರುವ 'ಮಿ' ಎಂಬ ಪದ ಅಲ್ಲಿಂದಲೇ ಎರವಲಾಗಿ ಹೋದದ್ದು ಎಂದು ಭಾಷಾವಿಜ್ಞಾನಿಗಳು ಬಗೆಯುತ್ತಾರೆ. ಇದಕ್ಕಿಂತ ದೊಡ್ಡ ಪರೀಕ್ಷೆಯೂ ನಡೆಯಿತು. ಮೂಲಭಾಷೆಯಲ್ಲಿ ಎಲ್ಲ ಕಡೆ ಅಳಿದುಹೋದ ಕೆಲವು ಧ್ವನಿಗಳಿದ್ದಿರಬೇಕು ಎಂದು ಫರ್ದಿನಾಂ ದ ಸೊಸ್ಯೂರ್ 1879ರಲ್ಲಿ ಕೇವಲ ತರ್ಕದಿಂದ ಹೇಳಿದ್ದ. ಟರ್ಕಿಯ ಮಣ್ಣಿನ ಫಲಕಗಳಿಂದ ಹಿಟ್ಟೈಟ್ ಭಾಷೆಯನ್ನು ಓದಿದ ಮೇಲೆ, ಅವನು ಹೇಳಿದ ಜಾಗಗಳಲ್ಲೇ ಅಂಥ ಧ್ವನಿ ಇರುವುದನ್ನು 1927ರಲ್ಲಿ ಪೋಲೆಂಡಿನ ಕುರಿವೊವಿಚ್ ತೋರಿಸಿದ. ಸೊಸ್ಯೂರ್ ಆಗ ಬದುಕಿರಲಿಲ್ಲ. ಕಲ್ಪನೆಗೆ ಇಂಥ ಶಕ್ತಿ ಇರುವುದಿಲ್ಲ.

ಮೂರನೆಯ ಆಕ್ಷೇಪ ಮಧುಗಿರಿಯವರದೇ. ಊರಿನ ಹೆಸರು ಮೊದಲು ಮಧುಗಿರಿ ಎಂದಿರಲಿಲ್ಲ, ಮದ್ದಗಿರಿ ಎಂದಿತ್ತು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಇರುವುದು ಮದ್ದಗಿರಿಯೇ. ಸರ್ಕಾರಿ ಬಳಕೆಯಲ್ಲಿ ಅದು ಮಧುಗಿರಿಯಾದದ್ದು 1920ರ ದಶಕದಲ್ಲಿ. ಇದು ಗಟ್ಟಿಯಾದ ಆಕ್ಷೇಪ, ಇದನ್ನು ಬದಿಗೆ ಸರಿಸಬಾರದು. ಮಧು ಎಂಬುದು ಕನ್ನಡದ ಬಾಯಲ್ಲಿ 'ಮದು' ಆಗುವುದು ಸಹಜ, 'ಮದ್ದ' ಆಗುವುದು ಅಷ್ಟು ಸಹಜವಲ್ಲ. ಔಷಧಿ ಮತ್ತು ಸಿಡಿಮದ್ದು ಎಂಬರ್ಥದ ದ್ರಾವಿಡ 'ಮದ್ದು' ಪಕ್ಕದಲ್ಲೇ ನಿಂತಿದೆ. ದೇಸಿ ಪದಕ್ಕೆ ಸಂಸ್ಕೃತದ ಉಡುಪು ತೊಡಿಸುವ ಚಾಳಿ ನಮ್ಮ ಓದುಬರಹದವರಲ್ಲಿ ಹಳೆಯದು. ಮದುವೆಯಿಂದ ಬಂದ ಮದುಮಗಳನ್ನು ಆಮಂತ್ರಣ ಪತ್ರಿಕೆಗಳು 'ಮಧುಮಗಳು' ಮಾಡಿಬಿಟ್ಟಿವೆ, ಆ ಪದಕ್ಕೆ ಜೇನಿನ ಹನಿಯಷ್ಟೂ ನಂಟಿಲ್ಲ, ತುಳುವಿನ ಮದಿಮೆ ಅದರ ಬಂಧು. ಕುವೆಂಪು ತಮ್ಮ ಕಾದಂಬರಿಗೆ 'ಮಲೆಗಳಲ್ಲಿ ಮದುಮಗಳು' ಎಂದೇ ಹೆಸರಿಟ್ಟರು. ಇನ್ನೊಂದು ಕಡೆ, ಬೆಟ್ಟದ ಬಂಡೆಯ ಮೈಗೆ ಹೆಜ್ಜೇನು ಕಟ್ಟುತ್ತಿದ್ದುದರಿಂದ ಈ ಹೆಸರು ಎಂಬ ನಂಬಿಕೆ ಊರಿನಲ್ಲಿದೆ. 1193 ಮೀಟರ್ ಎತ್ತರದ, ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆನಿಸಿದ ಆ ಬೆಟ್ಟದ ಕಡಿದಾದ ಮುಖ ಹೆಜ್ಜೇನಿಗೆ ಹೇಳಿ ಮಾಡಿಸಿದ ತಾಣವೂ ಹೌದು. ನನ್ನ ತೀರ್ಮಾನ ಇಷ್ಟು: ಮದ್ದಗಿರಿ ಎಂಬ ರೂಪವನ್ನು ಜೇನಿನ ಪುರಾವೆಯಾಗಿ ಬಳಸಬಾರದು, ಬಳಸುವ ಅಗತ್ಯವೂ ಇಲ್ಲ. ಇಂದಿನ ಹೆಸರಿನಲ್ಲಿರುವುದು ಮಧುವೇ. ಮೀಡ್‌ನ ವಂಶಾವಳಿ ನಿಂತಿರುವುದು ಊರಿನ ಹಳಮೆಯ ಮೇಲಲ್ಲ, ಆ ಪದ ತೋರಿಸುವ ಧ್ವನಿ ನಿಯಮಗಳ ಮೇಲೆ.

ಮಧು ತುಳಿದ ದಾರಿಗಳ ಪೈಕಿ ಕೆಲವನ್ನಾದರೂ ಹೇಳದಿದ್ದರೆ ಮನಸ್ಸು ಒಪ್ಪದು. ಮೂಲಭಾಷೆಯಲ್ಲಿ ಜೇನಿಗೆ ಎರಡು ಪದಗಳಿದ್ದವು. ಒಂದು ಮೆಧು, ಇನ್ನೊಂದರಿಂದ ಗ್ರೀಕಿನ 'ಮೆಲಿ', ಲ್ಯಾಟಿನ್ನಿನ 'ಮೆಲ್' ಬಂದವು. ಜೇನುತುಪ್ಪಕ್ಕೆ ಒಂದು, ಅದರಿಂದ ಮಾಡಿದ ಪಾನೀಯಕ್ಕೆ ಇನ್ನೊಂದು ಎಂಬಂತೆ ಯುರೋಪಿನ ಕೆಲವು ಭಾಷೆಗಳು ಅವನ್ನು ಹಂಚಿಕೊಂಡವು. ಸಂಸ್ಕೃತದ ಕವಲಿನಲ್ಲಿ ಎರಡನೆಯ ಪದ ಉಳಿಯಲಿಲ್ಲ, ಹಾಗಾಗಿ ಮಧುವೇ ಜೇನು, ಸಿಹಿ, ಸೋಮರಸ, ಮದ್ಯ ಎಲ್ಲವನ್ನೂ ಹೊತ್ತಿತು. ಈ ಎರಡು ಪದಗಳು ಆಸ್ಪತ್ರೆಯ ಚೀಟಿಯಲ್ಲಿ ಮತ್ತೆ ಭೇಟಿಯಾಗುತ್ತವೆ: ನಾವು ಮಧುಮೇಹ ಎನ್ನುವ ರೋಗಕ್ಕೆ ವೈದ್ಯರು ಬರೆಯುವ ಡಯಾಬಿಟಿಸ್ ಮೆಲಿಟಸ್ ಎಂಬ ಹೆಸರಿನ ಎರಡನೆಯ ಪದಕ್ಕೆ 'ಜೇನಿನಂಥ' ಎಂದೇ ಅರ್ಥ. ಗ್ರೀಕರು ನೇರಳೆ ಬಣ್ಣದ ರತ್ನವೊಂದು ಅಮಲನ್ನು ತಡೆಯುತ್ತದೆಂದು ನಂಬಿ ಅದಕ್ಕೆ 'ಅಮೆಥುಸ್ತೋಸ್' ಎಂದರು, ಮತ್ತೇರದವನು ಎಂಬರ್ಥದಲ್ಲಿ. ಆಭರಣದಂಗಡಿಯ ಅಮೆಥಿಸ್ಟ್ ಅದೇ. 1830ರ ದಶಕದಲ್ಲಿ ಫ್ರಾನ್ಸಿನ ರಸಾಯನಜ್ಞರಾದ ದ್ಯೂಮಾ ಮತ್ತು ಪೆಲಿಗೊ, ಮರವನ್ನು ಬಟ್ಟಿ ಇಳಿಸಿ ಬಂದ ದ್ರವಕ್ಕೆ ಹೆಸರಿಡುವಾಗ ಗ್ರೀಕಿನ ಮೆಥುವನ್ನೂ ಮರವೆಂಬರ್ಥದ ಪದವನ್ನೂ ಕೂಡಿಸಿದರು. ಮಿಥೈಲ್, ಮಿಥೇನ್ ಎಲ್ಲ ಅದರ ಸಂತಾನ. ಕಳ್ಳಭಟ್ಟಿ ದುರಂತಗಳಲ್ಲಿ ಕಣ್ಣು ಕಳೆಯುವ, ಜೀವ ತೆಗೆಯುವ ವಿಷದ ಹೆಸರಿನಲ್ಲಿ ಮಧು ಇದೆ. ರಷ್ಯನ್ನರು ಕರಡಿಯನ್ನು 'ಮೆದ್ವೇದ್' ಎನ್ನುತ್ತಾರೆ, ಜೇನು ತಿನ್ನುವವನು ಎಂದು. ಮೊದಲರ್ಧ ಮಧು, ಉಳಿದರ್ಧ ನಮ್ಮ ಅದ್ ಧಾತು. ಋಗ್ವೇದದಲ್ಲೂ 'ಮಧ್ವದ್' ಎಂಬ ಅಂಥದೇ ಸಮಾಸ ಇದೆ, ಅಲ್ಲಿ ಅದು ಹಕ್ಕಿಗಳ ವಿಶೇಷಣ. ದೇವರಾಯನದುರ್ಗದಿಂದ ಮಧುಗಿರಿಯವರೆಗಿನ ಗುಡ್ಡಗಳಲ್ಲಿ ಹುತ್ತ ಕೆದರಿ, ಜೇನಿಗೆ ಕೈಹಾಕಿ ಬದುಕುವ ಕರಡಿಗೂ ಆ ಹೆಸರು ಒಪ್ಪುತ್ತದೆ.

ಇಷ್ಟೆಲ್ಲ ದೇಶಗಳನ್ನು ಸುತ್ತಿದ ಮಧುವನ್ನು ಮಧುಗಿರಿಯ ಸಂತೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳುವುದು ಜೇನುತುಪ್ಪ. ಜೇನು ದ್ರಾವಿಡ ಪದ, ತಮಿಳಿನಲ್ಲಿ ತೇನ್, ತೆಲುಗಿನಲ್ಲಿ ತೇನೆ, ಮಲಯಾಳದಲ್ಲಿ ತೇನ್. ಮಧುವಿನ ವಂಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿಗೂ ಸಂಸ್ಕೃತಕ್ಕೂ ನಂಟು ಸಾಧಿತವಾದ ವಿಧಾನದಿಂದಲೇ ಕನ್ನಡ ತೆಲುಗುಗಳು ಸಂಸ್ಕೃತದ ಮಕ್ಕಳಲ್ಲ ಎಂಬುದೂ ಸಾಧಿತವಾಯಿತು. ಮದರಾಸಿನಲ್ಲಿ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲಿ ಅದನ್ನು ವಾದಿಸಿದ, 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ವಿಸ್ತರಿಸಿ ತೋರಿಸಿದ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವಂತಿಲ್ಲ. ಎರಡಕ್ಕೂ ಸಾಕ್ಷ್ಯದ ಬಗೆ ಒಂದೇ.

ಈ ವಿದ್ಯೆಗೆ ದೊಡ್ಡ ಗ್ರಂಥಾಲಯವೇ ಬೇಕೆಂದಿಲ್ಲ. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಈ ನಾಲ್ಕು ಸೀಮೆಗಳ ಊರಹೆಸರುಗಳು ಹಳೆಯ ರೂಪದಲ್ಲಿವೆ. ಇಲ್ಲಿನ ಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರು ಆ ಸಂಪುಟವನ್ನು ತರಗತಿಗೆ ತರಲಿ. ಮಕ್ಕಳು ತಮ್ಮ ಊರಿನ ಹೆಸರನ್ನು ಅಲ್ಲಿ ಹುಡುಕಿ, ಮನೆಯಲ್ಲಿ ಅಜ್ಜಿ ಅದನ್ನು ಹೇಗೆ ಉಚ್ಚರಿಸುತ್ತಾರೆ ಎಂದು ಕೇಳಿ, ಪಕ್ಕದ ತೆಲುಗು ಮನೆಯಲ್ಲಿ ಏನೆನ್ನುತ್ತಾರೆ ಎಂದು ಬರೆದುಕೊಳ್ಳಲಿ. ಆ ಅಜ್ಜಿಯರು ಇರುವಾಗಲೇ ಈ ಕೆಲಸ ಆಗಬೇಕು.